ಪೈಪಿನ ಮೇಲಿನ ಕುಂಕುಮ

ಅಲಖನೂರಿನಲ್ಲಿ ಈಗ ಕೊಡಲಿ ಹಿಡಿಯುವವರು ಸಿಗುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗಿಗೆ ಹೋದವರು ಹೋದರು, ಉಳಿದವರಿಗೆ ಸೊಂಟ ನೋವು. ಲಗ್ನದ ಕಾಲ ಬಂತೆಂದರೆ ಅಡುಗೆಯವರು ಬಾಪುಸಾಹೇಬರ ಕಟ್ಟಿಗೆ ವಖಾರಿಗೆ ಬರುತ್ತಾರೆ. ವಖಾರಿಯ ತುಂಬ ಒಣಗಿ ಬಿದ್ದ ಜಾಲಿಯ ಬೊಡ್ಡೆಗಳಿವೆ, ಸೀಳುವ ಕೈಗಳಿಲ್ಲ. ಅದಕ್ಕೇ ಅವರು ಈ ಸಲ ಟ್ರ್ಯಾಕ್ಟರಿಗೆ ಜೋಡಿಸುವ, ಕಟ್ಟಿಗೆ ಸೀಳುವ ಹೊಸ ಮಷಿನ್ ತರಿಸಿದರು.

ಮಷಿನ್ ಎಂದರೆ ಒಂದು ಕಬ್ಬಿಣದ ಹಾಸು, ಅದರ ತುದಿಗೆ ಒಂದು ಬೆಣೆ. ಎರಡು ಕಪ್ಪು ರಬ್ಬರ್ ಪೈಪುಗಳಲ್ಲಿ ಎಣ್ಣೆ ಭಾರೀ ಒತ್ತಡದಿಂದ ಹರಿದು ಬೊಡ್ಡೆಯನ್ನು ಬೆಣೆಗೆ ಒತ್ತುತ್ತದೆ. ಬೊಡ್ಡೆ ಎಂಥದೇ ಇರಲಿ, ಎರಡು ಹೋಳು.

ಬೆಳಿಗ್ಗೆ ಬಾಪುಸಾಹೇಬರ ಹೆಂಡತಿ ಸುಗಂಧಾ ಮಷಿನ್ನಿಗೆ ಪೂಜೆ ಮಾಡಿದಳು. ಪೈಪಿನ ನಟ್ಟುಗಳಿಗೆ ಕುಂಕುಮ ಹಚ್ಚಿ, ಪೈಪಿಗೆ ಚೆಂಡುಹೂವಿನ ಮಾಲೆ ಸುತ್ತಿದಳು. ಕೈಮುಗಿದು ಜೈನರ ಣಮೋಕಾರ ಮಂತ್ರ ಹೇಳಿದಳು. ಆಮೇಲೆ ಒಂದೊಂದೇ ಬೊಡ್ಡೆಯನ್ನು ಕೋಲಿನಿಂದ ಮೂರು ಸಲ ಬಡಿದು, ಇರುವೆಗಳು ಇಳಿದು ಹೋಗುವತನಕ ಕಾಯುತ್ತ ಕುಳಿತಳು. ಇರುವೆ ಇರುವ ಕಟ್ಟಿಗೆ ಆ ಮನೆಯಲ್ಲಿ ಒಲೆಗೂ ಹೋಗುವುದಿಲ್ಲ, ಬೆಣೆಗೂ ಹೋಗುವುದಿಲ್ಲ.

ಅಷ್ಟರಲ್ಲಿ ಹಾರೂಗೇರಿಯಿಂದ ದಾವಲಸಾಬ ಬಂದ. ಟ್ರ್ಯಾಕ್ಟರು, ಜೆಸಿಬಿಗಳ ಪೈಪು ರಿಪೇರಿ ಮಾಡುವ ಮಿಸ್ತ್ರಿ. ಬಾಪುಸಾಹೇಬರಿಗೆ ಇಪ್ಪತ್ತು ವರ್ಷದ ಗೆಳೆಯ. ಅವನ ಎಡಗೈಯ ತೋರುಬೆರಳು ಅರ್ಧವೇ ಇದೆ.

“ಬರ್ರಿ ಮಿಸ್ತ್ರಿ, ಕಾಯಿ ಒಡದೇತಿ, ಪ್ರಸಾದ ತಗೋರಿ” ಎಂದರು ಬಾಪುಸಾಹೇಬರು.

“ಪ್ರಸಾದ ಎಲ್ಲಿ ಹೋಗತೈತ್ರಿ. ಪೈಪ, ನಟ್ಟ ನೋಡೀರೇನು?”

“ಹೊಸಾ ಮಷಿನ್ ಅದು. ಪ್ಯಾಕಿಂಗ್ ವಾಸನಿ ಸೈತ ಹೋಗಿಲ್ಲ. ನೋಡೂದೇನೈತಿ?”

“ಹೊಸಾ ಎತ್ತ ತರೂ ಮುಂದ ಬಾಯಿ ತಗಸಿ ಹಲ್ಲ ಎಣಸ್ತೀರಲ್ರಿ ಅಣ್ಣಾರ.”

“ಎತ್ತ ಮಾರಾವ ಸುಳ್ಳ ಹೇಳ್ತಾನ. ಇದಕ್ಕ ಗ್ಯಾರಂಟಿ ಐತಿ.”

“ಗ್ಯಾರಂಟಿ ಮಷಿನ್‌ಗ ಐತ್ರಿ. ಬೆರಳಿಗಿಲ್ಲ.”

ಬಾಪುಸಾಹೇಬರು ನಕ್ಕರು. “ನೀವು ರಿಪೇರಿ ಮಂದಿ. ಎಲ್ಲಾದ್ರಾಗೂ ರಿಪೇರಿನ ಕಾಣತೈತಿ ನಿಮಗ. ಸಂಜೀತನಕ ಲಗ್ನದ ಮನಿಗೆ ಒಂದ ಟ್ರಾಲಿ ಕಟ್ಟಿಗಿ ಮುಟ್ಟಬೇಕು” ಎನ್ನುತ್ತ ಟ್ರ್ಯಾಕ್ಟರ್ ಚಾಲೂ ಮಾಡಿಯೇಬಿಟ್ಟರು.

ಮೊದಲ ಬೊಡ್ಡೆ ಕಟಕಟನೆ ಸೀಳಿತು. ಎರಡನೆಯದೂ ಸೀಳಿತು. ಮೂರನೆಯದನ್ನು ಇಡುವಾಗ ಸುಗಂಧಾ ಎದ್ದು ನಿಂತಳು.

“ರೀ, ನಟ್ಟಿಗೆ ಹಚ್ಚಿದ ಕುಂಕುಮ ಕರ್ರಗಾಗೇತಿ ನೋಡ್ರಿ. ಒದ್ದಿ ಆಗೇತಿ.”

ಬಾಪುಸಾಹೇಬರು ಬಗ್ಗಿ ನೋಡಿದರು. ಅವರಿಗೆ ಒಂದು ರೂಢಿ. ಎತ್ತು ಮಂಕಾದರೆ ಕುತ್ತಿಗೆಯಿಂದ ಬಾಲದತನಕ ಅಂಗೈ ಆಡಿಸುತ್ತಾರೆ, ನೋವು ಎಲ್ಲಿದೆ ಎಂದು ಕೈಗೇ ತಿಳಿಯುತ್ತದೆ. ಈಗಲೂ ಹಾಗೆಯೇ, ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಪೈಪಿನ ಮೇಲೆ ಕೈ ಆಡಿಸಲು ಹೋದರು. ಬೆರಳು ಇನ್ನೇನು ಹೂಮಾಲೆಯ ಕೆಳಗೆ ಹೋಗಬೇಕು.

“ಕೈ ತಗೀರಿ ಅಣ್ಣಾರ.”

ದಾವಲಸಾಬ ಕೂಗಲಿಲ್ಲ. ಅವರ ಮುಂಗೈ ಹಿಡಿದು ಹಿಂದಕ್ಕೆ ಎಳೆದ. ಟ್ರ್ಯಾಕ್ಟರ್ ಬಂದ್ ಮಾಡಿದ. ಆಮೇಲೆ ತನ್ನ ಅರ್ಧ ಬೆರಳನ್ನು ಅವರ ಮುಂದೆ ಹಿಡಿದ.

“ಇದು ಮಷಿನ್ಯಾಗ ಸಿಕ್ಕಿ ಹೋತು ಅಂತ ಎಲ್ಲಾರೂ ತಿಳದಾರ. ನಾನೂ ಹೂಂ ಅಂದೀನಿ. ಮಿಸ್ತ್ರಿ ಆಗಿ, ಚಾಲೂ ಇದ್ದ ಪೈಪಿನ ಮ್ಯಾಲ ಕೈ ಆಡಿಸಿದ್ನಿ ಅಂತ ಹೇಳಾಕ ನಾಚಿಕಿ ನನಗ. ಸಣ್ಣ ತೂತ ಇತ್ರಿ, ಕಣ್ಣಿಗೆ ಕಾಣಲಿಲ್ಲ. ಮುಳ್ಳ ಚುಚ್ಚಿಧಂಗ ಆತು, ಅಷ್ಟ. ರಕ್ತ ಸೈತ ಬರಲಿಲ್ಲ. ಸುಣ್ಣ ಹಚ್ಚಿ ಮಲಗಿದ್ನಿ. ಮುಂಜಾನಿ ಬೆರಳ ಬದನಿಕಾಯಿ ಆಗಿತ್ತು. ಎಣ್ಣಿ ಚರ್ಮದ ಒಳಗ ಹೊಕ್ಕಿತ್ತು. ನಿನ್ನೇನ ಬಂದಿದ್ರ ಉಳೀಬಹುದಿತ್ತು ಅಂದ್ರು ಡಾಕ್ಟರು.”

ಬಾಪುಸಾಹೇಬರು ತಮ್ಮ ಅಂಗೈ ನೋಡಿಕೊಂಡರು. ಆದರೂ ಹಟ ಬಿಡಲಿಲ್ಲ. “ನಟ್ಟ ಸಡ್ಲ ಆಗೇತಿ, ಬಿಗಿ ಮಾಡಿದ್ರ ಮುಗೀತು. ಬೇಕಾದ್ರ ಸೈಕಲ್ ಟ್ಯೂಬ ಸುತ್ತೋಣು.”

“ಟ್ಯೂಬ ನಿಮ್ಮ ಸೈಕಲ್‌ಗ ಇರಲಿ. ಈ ಒತ್ತಡಕ್ಕ ಯಾವ ಪಟ್ಟೀನೂ ನಿಲ್ಲಂಗಿಲ್ರಿ.”

ದಾವಲಸಾಬ ಮೊದಲು ಲಿವರನ್ನು ಹಿಂದೆ ಮುಂದೆ ಎಳೆದ. “ಇಂಜಿನ್ ಬಂದ್ ಆದ್ರೂ ಪೈಪಿನ್ಯಾಗ ಒತ್ತಡ ಉಳದಿರತೈತಿ. ಹಿಂಗ ಮಾಡಿದ್ರ ಇಳೀತೈತಿ” ಎಂದ. ಒಂದು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಪೈಪಿನ ಕತ್ತನ್ನು ಹಿಡಿದು, ಇನ್ನೊಂದು ಪಾನಾದಿಂದ ನಟ್ಟು ತಿರುಗಿಸಿದ. ಹಾಗೆ ಹಿಡಿಯದಿದ್ದರೆ ಪೈಪು ತಿರುಚಿಕೊಳ್ಳುತ್ತದೆ. ನಟ್ಟು ಅರ್ಧ ಸುತ್ತು ಬಿಗಿಯಾಯಿತು.

ಆಮೇಲೆ ಅವನು ಹೂಮಾಲೆಯನ್ನು ತೆಗೆದು ಸುಗಂಧಾಳ ಕೈಗೆ ಕೊಟ್ಟ. “ತಪ್ಪ ತಿಳಕೋಬ್ಯಾಡ್ರಿ ವೈನಿ. ಹೂವು ಟ್ರ್ಯಾಕ್ಟರಿಗೆ ಇರಲಿ. ಪೈಪ ಬರಿಮೈಲೆ ಕಾಣಬೇಕು.”

ಮಷಿನ್ ಬಂದಿದ್ದ ರಟ್ಟಿನ ಡಬ್ಬಿಯಿಂದ ಒಂದು ತುಂಡು ಹರಿದು ಉದ್ದನೆಯ ಕೋಲಿಗೆ ಕಟ್ಟಿದ. ಎಲ್ಲರನ್ನೂ ದೂರ ನಿಲ್ಲಿಸಿ, ಕಣ್ಣಿಗೆ ಚಷ್ಮಾ ಹಾಕಿಕೊಂಡು, ಬಾಪುಸಾಹೇಬರಿಂದ ಮಷಿನ್ ಚಾಲೂ ಮಾಡಿಸಿದ. ತಾನು ಪಕ್ಕಕ್ಕೆ ಸರಿದು ನಿಂತು, ರಟ್ಟನ್ನು ಪೈಪಿನ ಗುಂಟ ನಿಧಾನವಾಗಿ ಸರಿಸುತ್ತ ಹೋದ. ಏನೂ ಇಲ್ಲ. ಇನ್ನೂ ಮುಂದೆ. ಏನೂ ಇಲ್ಲ. ಹೂಮಾಲೆ ಇದ್ದ ಜಾಗಕ್ಕೆ ಬಂದಾಗ ರಟ್ಟಿನ ಮೇಲೆ ಸೂಜಿಯಿಂದ ಎಳೆದಂತೆ ಒಂದು ಕಪ್ಪು ಗೆರೆ ಮೂಡಿತು. ಗಾಳಿಯಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ.

ಮಷಿನ್ ಬಂದ್ ಮಾಡಿ, ಒತ್ತಡ ಇಳಿಸಿ ನೋಡಿದರು. ಟೆಂಪೋದಲ್ಲಿ ತರುವಾಗ ಪೈಪು ಕಬ್ಬಿಣದ ಅಂಚಿಗೆ ದಾರಿಯುದ್ದಕ್ಕೂ ತಿಕ್ಕಿತ್ತು. ಒಳಗಿನ ತಂತಿಯ ಹೆಣಿಗೆ ಕಾಣುತ್ತಿತ್ತು.

ಸುಗಂಧಾ ಗಂಡನ ಕಡೆ ತಿರುಗಿದಳು. “ಒಂದ ಇರವಿ ಸಲುವಾಗಿ ಬೊಡ್ಡಿ ತಿರುವಿ ತಿರುವಿ ನೋಡ್ತೀವಿ. ನಿಮ್ಮ ಕೈ ಇರವಿಗಿಂತ ಕಡಿಮಿ ಆತೇನ್ರಿ?”

ಬಾಪುಸಾಹೇಬರು ಲಗ್ನದ ಮನೆಗೆ ಫೋನ್ ಹಚ್ಚಿದರು. “ಕಟ್ಟಿಗಿ ನಾಳಿ ಮುಂಜಾನಿ ಬರ್ತಾವ್ರಿ. ಇವತ್ತಿನ ಒಲಿಗೆ ನಾಕ ಬೊಡ್ಡಿ ಕೊಡಲೀಲೆ ಒಡದ ಕಳಸ್ತೀನಿ.”

ಮಧ್ಯಾಹ್ನ ದಾವಲಸಾಬ ಹಾರೂಗೇರಿಯಿಂದ ಅಷ್ಟೇ ಒತ್ತಡ ತಾಳುವ ಹೊಸ ಪೈಪು ತಂದು, ಅಂಚಿಗೆ ತಾಗದಂತೆ ಜೋಡಿಸಿದ. ಮತ್ತೆ ರಟ್ಟು ಹಿಡಿದ. ರಟ್ಟು ಒಣಗಿಯೇ ಇತ್ತು. ಒಂದು ತಾಸು ನಡೆದ ಮೇಲೆ ಮಷಿನ್ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ನೋಡಿದರು. ಈ ಸಲ ಪಾನಾ ಬಾಪುಸಾಹೇಬರ ಕೈಯಲ್ಲಿತ್ತು.

ಮರುದಿನ ಬೆಳಿಗ್ಗೆ ಸುಗಂಧಾ ಬೊಡ್ಡೆ ಬಡಿಯುತ್ತಿದ್ದಳು. ಇರುವೆಗಳು ಸಾಲಾಗಿ ಇಳಿದು ಹೋಗುತ್ತಿದ್ದವು. ಆಚೆ ಬಾಪುಸಾಹೇಬರು ಬಂದ್ ಇದ್ದ ಮಷಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೈಪುಗಳನ್ನು ಕಣ್ಣಿನಿಂದ ಸವರುತ್ತಿದ್ದರು. ಕಪ್ಪು ಗೆರೆಯ ಆ ರಟ್ಟು ವಖಾರಿಯ ಗೋಡೆಯ ಮೊಳೆಗೆ ತೂಗುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳಕ್ಕೂ ಇಂಥ ಮಷಿನ್ ಬರಬಹುದು. ಪೂಜೆ ಮಾಡಿ, ಆದರೆ ಪೈಪನ್ನು ಹೂವಿನಿಂದ ಮುಚ್ಚಬೇಡಿ. ಚಾಲೂ ಮಾಡುವ ಮೊದಲು ಪೈಪು ತಿಕ್ಕಿದೆಯೇ, ಉಬ್ಬಿದೆಯೇ, ನಟ್ಟು ಒದ್ದೆಯಾಗಿದೆಯೇ ಎಂದು ಕಣ್ಣಾರೆ ನೋಡಿ. ಎಣ್ಣೆಯ ಸೋರಿಕೆಯನ್ನು ರಟ್ಟಿನಿಂದ ಹುಡುಕಿ, ಕೈಯಿಂದ ಬೇಡ. ಕೈಗೆ ಗ್ಲೌಸ್ ಇದ್ದರೂ ಬೇಡ. ಸವೆದ ಪೈಪಿಗೆ ಪಟ್ಟಿ ಸುತ್ತಬೇಡಿ, ಬದಲಿಸಿ. ಅಕಸ್ಮಾತ್ ಎಣ್ಣೆ ಚುಚ್ಚಿದರೆ, ನೋವಿರಲಿ ಇಲ್ಲದಿರಲಿ, ಆಗಿಂದಾಗಲೇ ದೊಡ್ಡ ದವಾಖಾನೆಗೆ ಹೋಗಿ, ‘ಮಷಿನ್ ಎಣ್ಣೆ ಒತ್ತಡದಿಂದ ಒಳಗೆ ಹೋಗಿದೆ’ ಎಂದು ಹೇಳಿ. ಇರುವೆಗೆ ತೋರುವ ದಯೆಯನ್ನು ದೇವರು ಕೊಟ್ಟ ನಿಮ್ಮ ಹತ್ತು ಬೆರಳುಗಳಿಗೂ ತೋರಿ.