ಇಳಿಯದ ಬಾವುಟ

ನಾನು ಒಂದು ಬಾವುಟ. ಯಾವ ಮೆರವಣಿಗೆಯಲ್ಲೂ ನಡೆದವಳಲ್ಲ, ಯಾವ ಕಂಬವನ್ನೂ ಏರಿದವಳಲ್ಲ. ಫುಟ್‌ಬಾಲ್ ಮೈದಾನದ ಉದ್ದನೆಯ ಗೆರೆಯ ಹೊರಗೆ ಲೈನ್ಸ್‌ಮನ್ ಕೈಯಲ್ಲಿ ಓಡಿದವಳು. ನನ್ನ ಮೈ ಎರಡು ಗೇಣು ಹಳದಿ ಬಟ್ಟೆ, ಅಷ್ಟೆ.

ಹುಟ್ಟಿದ್ದು ಬೆಂಗಳೂರಿನ ಶಿವಾಜಿನಗರದಲ್ಲಿ, ಕೊಡೆ ರಿಪೇರಿಯವನೊಬ್ಬನ ಹೊಲಿಗೆ ಮಿಷನ್ನಿನಡಿ. ನೆನೆದರೂ ಬೇಗ ಒಣಗಲಿ ಎಂದು ನನ್ನನ್ನು ಕೊಡೆಬಟ್ಟೆಯಲ್ಲೇ ಹೊಲಿದ. ಅದೇ ಮಧ್ಯಾಹ್ನ ಕೆಂಪು ಬಟ್ಟೆಯಲ್ಲಿ ನನ್ನ ಅಕ್ಕನೂ ಹುಟ್ಟಿದಳು. ಲೈನ್ಸ್‌ಮನ್ ಬಾವುಟಗಳು ಜೋಡಿ. ಆದರೆ ಆಟ ಶುರುವಾದರೆ ಅವಳು ಆ ಬದಿ, ನಾನು ಈ ಬದಿ. ನಡುವೆ ಇಡೀ ಹುಲ್ಲುಗಾವಲು. ಅವಳು ಮೇಲೇಳುವುದನ್ನು ದೂರದಿಂದ ನೋಡಿ, ಓ, ಅಕ್ಕ ಇದ್ದಾಳೆ ಎಂದುಕೊಳ್ಳುತ್ತಿದ್ದೆ. ಮಧ್ಯಂತರದ ಹದಿನೈದು ನಿಮಿಷ ಒಂದೇ ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಮಲಗುತ್ತಿದ್ದೆವು. ಈಗ ಯೋಚಿಸಿದರೆ, ನನ್ನ ಬದುಕಿನ ಸುಖವೆಲ್ಲ ಆ ಹದಿನೈದು ನಿಮಿಷಗಳಲ್ಲೇ ಇತ್ತು.

ನನ್ನನ್ನು ಮೊದಲು ಹಿಡಿದವರು ಲೂರ್ದುಸ್ವಾಮಿ ಎಂಬ ಹಿರಿಯ ಲೈನ್ಸ್‌ಮನ್. ಮಂಡಿ ಸವೆದು ಓಡಲಾಗದ ದಿನ ಅವರು ನನ್ನನ್ನು ಶಿಷ್ಯ ಜ್ಞಾನರಾಜ್ ಕೈಗೆ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು. "ಇವಳು ಮಾತಾಡಿದ ಮೇಲೆ ನೀನು ಮಾತಾಡ್ಬೇಡ ಜ್ಞಾನು. ಎತ್ತಿದ್ದು ಸರೀನೋ ತಪ್ಪೋ ಅಂತ ಟೀ ಅಂಗಡೀಲಿ ನಿಂತು ವಾದ ಮಾಡೋನು ಲೈನ್ಸ್‌ಮನ್ ಅಲ್ಲ."

ಜ್ಞಾನರಾಜ್ ವಾರವಿಡೀ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಭಾನುವಾರ ಮಾತ್ರ ನನ್ನವರು. ಅವರ ಬೆವರು, ಅವರ ಹೆಬ್ಬೆರಳಿನ ಗಂಟು ನನಗೆ ಚೆನ್ನಾಗಿ ಗೊತ್ತು. ಆಸ್ಟಿನ್ ಟೌನಿನ ಅವರ ಬೀದಿಯಲ್ಲೇ ಕದಿರೇಶ ಬೆಳೆದ. ಅವನಿಗೆ ಬೂಟಿನ ಲೇಸು ಕಟ್ಟುವುದನ್ನು ಕಲಿಸಿದವರೂ ಜ್ಞಾನರಾಜರೇ. ಮುಂದೆ ಅವನು ನೀಲಿ ಅಂಗಿಯ ತಂಡದ ಮುಂಚೂಣಿ ಆಟಗಾರನಾದ. ಪ್ರತಿ ಪಂದ್ಯಕ್ಕೂ ಮುಂಚೆ ಗೆರೆಯ ಹತ್ತಿರ ಬಂದು, "ಜ್ಞಾನಣ್ಣಾ, ಇವತ್ತು ಬಾವುಟಕ್ಕೆ ರಜಾ ಕೊಡು," ಎಂದು ನನ್ನ ತುದಿಯನ್ನು ಜಗ್ಗಿ ಓಡುತ್ತಿದ್ದ. ನನಗೆ ಅದು ಇಷ್ಟವಾಗುತ್ತಿತ್ತು.

ಆ ಫೈನಲ್ಲಿನ ದಿನವೂ ಜಗ್ಗಿದ. ಅದೇ ಕೊನೆ.

ನೀಲಿಯವರಿಗೂ ಹಳದಿಯವರಿಗೂ ನಗರ ಲೀಗಿನ ಫೈನಲ್. ಗೋವಾದ ದೊಡ್ಡ ಕ್ಲಬ್ಬೊಂದರ ಕೋಚ್ ಕದಿರೇಶನನ್ನು ನೋಡಲೆಂದೇ ಬಂದು ಕೂತಿದ್ದ. ಆಟ ಮುಗಿಯಲು ನಾಲ್ಕು ನಿಮಿಷ, ಎರಡೂ ಕಡೆ ಸೊನ್ನೆ. ನೀಲಿಯವರ ಒಂದು ಹೊಡೆತವನ್ನು ತಡೆಯಲು ಹಳದಿಯವರ ಐದನೇ ನಂಬರಿನವನು ಜಾರಿಕೊಂಡು ಹೋಗಿ, ಗೋಲ್ ಗೆರೆ ದಾಟಿ, ಬಲೆಯೊಳಗೆ ಬಿದ್ದ. ಚೆಂಡು ಹೊರಗೆ ಚಿಮ್ಮಿತು. ನೀಲಿಯವರಲ್ಲೊಬ್ಬ ಅದನ್ನು ಮತ್ತೆ ಗೋಲಿನತ್ತ ತಳ್ಳಿದ. ಕದಿರೇಶ ಎದೆಯಲ್ಲಿ ತಡೆದು ಒದ್ದ. ಗೋಲು. ಆದರೆ ಅಷ್ಟರಲ್ಲಿ ಜ್ಞಾನರಾಜರ ತೋಳು ಮೇಲೆದ್ದಿತ್ತು. ತೋಳಿನ ತುದಿಯಲ್ಲಿ ನಾನು. ಆಫ್‌ಸೈಡ್.

ಜೊತೆಯವನು ಚೆಂಡು ಕಳಿಸುವ ಹೊತ್ತಿಗೆ ಮುಂಚೂಣಿ ಆಟಗಾರ ಮತ್ತು ಗೋಲ್ ಗೆರೆಯ ನಡುವೆ ಎದುರಾಳಿಗಳು ಇಬ್ಬರಾದರೂ ಇರಬೇಕು. ಗೋಲ್‌ಕೀಪರನೂ ಲೆಕ್ಕಕ್ಕೆ ಸೇರುತ್ತಾನೆ. ಜ್ಞಾನರಾಜರಿಗೆ ಕಂಡದ್ದು ಕೀಪರ್ ಒಬ್ಬನೇ. ನನಗೆ ಮಾತ್ರ ಮೇಲೆ ಹೋದ ಮೇಲೆ ಇನ್ನೊಬ್ಬನೂ ಕಂಡ. ಬಲೆಯಲ್ಲಿ ಕಾಲು ಸಿಕ್ಕಿಸಿಕೊಂಡು ಏಳಲಾರದೆ ಒದ್ದಾಡುತ್ತಿದ್ದ ಐದನೇ ನಂಬರು. ಬಾವುಟ ತಾನಾಗಿ ಇಳಿಯಲಾರದು. ರೆಫರಿ ಸೀಟಿ ಊದಿದರು. ಆಮೇಲೆ ಪೆನಾಲ್ಟಿಯಲ್ಲಿ ಹಳದಿಯವರು ಗೆದ್ದರು. ಗೋವಾದವನು ಬಹುಮಾನ ಹಂಚುವ ಮುಂಚೆಯೇ ಎದ್ದು ಹೋದ.

ಸೀಟಿಯ ಮೇಲೆ ಬಲೆಯಿಂದ ಎದ್ದು ಬಂದ ಐದನೇ ನಂಬರು ನೆನಪಾಗಿ, ಅಂದು ಸಂಜೆ ಜ್ಞಾನರಾಜ್ ನಿಯಮದ ಪುಸ್ತಕ ತೆಗೆದರು. ಆಟದ ಓಟದಲ್ಲಿ ಗೆರೆಯಾಚೆ ಹೋದ ರಕ್ಷಕ ಗೋಲ್ ಗೆರೆಯ ಮೇಲೆಯೇ ಇದ್ದಾನೆಂದು ತಿಳಿಯಬೇಕು, ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟೆಳೆದರು. ಪುಸ್ತಕವನ್ನೂ ನನ್ನನ್ನೂ ಒಂದೇ ಟ್ರಂಕಿನಲ್ಲಿಟ್ಟು ಮುಚ್ಚಿದರು. ಮತ್ತೆ ಗೆರೆಗೆ ಹೋಗಲಿಲ್ಲ. ಅಕ್ಕನನ್ನು ನಾನು ಮತ್ತೆ ನೋಡಲಿಲ್ಲ.

ಹದಿನಾಲ್ಕು ವರ್ಷ. ನಮ್ಮ ಕಿಟಕಿಯಿಂದ ನಾಲ್ಕು ಮನೆ ಆಚೆ ಹಂಸಕಾಕನ ಟೀ ಅಂಗಡಿ. ಭಾನುವಾರ ಸಂಜೆ ಅಲ್ಲಿ ಪಂಚಾಯ್ತಿ. ಅಂದಂದಿನ ಪಂದ್ಯದ ತಕರಾರಿನ ತೀರ್ಪನ್ನು ಮೇಜಿನ ಮೇಲೆ ಮತ್ತೆ ಆಡಿಸುತ್ತಾರೆ. ಟೀ ಲೋಟಗಳು ಒಂದು ತಂಡ, ರಸ್ಕುಗಳು ಇನ್ನೊಂದು. ಎಲ್ಲಿ ಶುರುವಾದರೂ ವಾದ ಕೊನೆಗೆ ಆ ಫೈನಲ್ಲಿಗೇ ಬಂದು ನಿಲ್ಲುತ್ತದೆ. ಆಟೋ ಓಡಿಸುವ ಕದಿರೇಶ ಗಾಡಿ ನಿಲ್ಲಿಸಿ ಬಂದು, "ನಾನು ಹಳದಿಯವರ ಕೊನೆಯವನಿಗಿಂತ ಒಂದಡಿ ಹಿಂದಿದ್ದೆ," ಎನ್ನುತ್ತಾನೆ. ಆ ಧ್ವನಿ ಟ್ರಂಕಿನ ತಗಡನ್ನೂ ದಾಟಿ ನನಗೆ ಕೇಳುತ್ತಿತ್ತು. ಜ್ಞಾನರಾಜ್ ಮಾತ್ರ ಮೊಸರು ತರಲೂ ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು.

ಈ ವರ್ಷ ಮಗಳು ಸೆಲೀನ ಟ್ರಂಕು ತೆಗೆದಳು. ಮಾತು ಕಡಿಮೆಯ ಹುಡುಗಿ. ಗೀಟೆಳೆದ ಸಾಲನ್ನು ಎರಡು ಸಲ ಓದಿದಳು.

"ಅಪ್ಪಾ, ಇದು ಕದಿರೇಶಣ್ಣಂಗೆ ಗೊತ್ತಾ?"

"ಇಲ್ಲ."

"ಹೇಳ್ಬಾರ್ದಾ?"

"ಲೂರ್ದುಸ್ವಾಮಿ ಸಾರ್‌ಗೆ ಮಾತು ಕೊಟ್ಟಿದ್ದೀನಿ."

ಅವಳು ನನ್ನನ್ನು ಒಗೆದು, ಇಸ್ತ್ರಿ ಮಾಡಿ, ಬಟ್ಟೆಯ ಚೀಲದಲ್ಲಿಟ್ಟು, ಚೀಲವನ್ನು ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕಿದಳು. ಮೂರು ವಾರ ಅಲ್ಲೇ ಇದ್ದೆ. ನಾಲ್ಕನೇ ಭಾನುವಾರ ಜ್ಞಾನರಾಜ್ ಚೀಲ ತೆಗೆದುಕೊಂಡು ಮುಂದಿನ ಬಾಗಿಲಿಂದಲೇ ಹೊರಟರು.

ಚೀಲದ ಬಾಯಿಂದ ಇಣುಕಿದೆ. ಅಂಗಡಿಯ ಗೋಡೆಗೆ ಆ ಗೋಲಿನ ಪತ್ರಿಕೆಯ ಫೋಟೊ ಅಂಟಿಸಿದ್ದರು. ಒಂದು ಮೂಲೆಯಲ್ಲಿ ನಾನೂ ಇದ್ದೆ, ಎಷ್ಟು ಎಳೆಯವಳು. ಫೋಟೊ ಗೋಲ್‌ಕಂಬಕ್ಕೇ ಮುಗಿದಿತ್ತು. ಬಲೆ ಅದರೊಳಗೆ ಬಂದೇ ಇರಲಿಲ್ಲ. ಒಂದು ಕಾಲದಲ್ಲಿ ಫ್ಯಾಕ್ಟರಿ ತಂಡದ ಕೀಪರ್ ಆಗಿದ್ದ ಪಿಳ್ಳಪ್ಪ ಪೊರಕೆಕಡ್ಡಿ ಹಿಡಿದು ಅದರ ಮೇಲೆ ಅಳೆಯುತ್ತಿದ್ದ.

"ನೋಡ್ಲಾ ಕದಿರ, ಕಡ್ಡಿ ಸುಳ್ಳು ಹೇಳಲ್ಲ. ನಿನ್ ಮಂಡಿ ಮುಂದೈತೆ."

"ನಿಮ್ ಕಡ್ಡೀನೇ ಸೊಟ್ಟ ಇದೆ ಪಿಳ್ಳಪ್ಪಣ್ಣ. ನಿಮ್ ಕಾಲ್ ಥರಾನೇ."

ಜ್ಞಾನರಾಜ್ ಒಳಗೆ ಬಂದದ್ದೇ ನಗು ನಿಂತಿತು. ಹಂಸಕಾಕ ಒಂದು ಲೋಟವನ್ನು ಸುಮ್ಮನೆ ಬಟ್ಟೆಯಿಂದ ಒರೆಸತೊಡಗಿದ. ಜ್ಞಾನರಾಜ್ ಯಾರ ಮುಖವನ್ನೂ ನೋಡಲಿಲ್ಲ. ಮೇಜಿನಿಂದ ಒಂದು ರಸ್ಕು ತೆಗೆದು, ಮೇಜಿನ ಮೇಲಲ್ಲ, ಪಕ್ಕದ ಸ್ಟೂಲಿನ ಮೇಲಿಟ್ಟರು.

"ಇವನನ್ನ ಯಾರೂ ಇಟ್ಟಿಲ್ಲ. ಹಳದಿಯವರ ಐದನೇ ನಂಬರು. ಬಲೆ ಒಳಗೆ ಬಿದ್ದಿದ್ದ. ನಿಯಮದಲ್ಲಿ ಅವನೂ ಲೆಕ್ಕ. ಕೀಪರ್ ಒಬ್ಬ, ಇವನೊಬ್ಬ. ಇಬ್ಬರಾದರು. ನಾನು ಇವನನ್ನ ಎಣಿಸ್ಲಿಲ್ಲ. ಅದು ಗೋಲು ಕದಿರ."

ಪಿಳ್ಳಪ್ಪ ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟ.

"ಯಾವಾಗ ಗೊತ್ತಾಯ್ತು?" ಕದಿರೇಶ ಕೇಳಿದ.

"ಅವತ್ತೇ ಸಂಜೆ."

ಕದಿರೇಶ ಸ್ಟೂಲಿನ ಮೇಲಿನ ರಸ್ಕನ್ನೇ ನೋಡಿದ. "ಹಂಗಾದ್ರೆ ನಾನು ಮುಂದಿದ್ನೋ, ಹಿಂದಿದ್ನೋ?"

"ಎರಡಡಿ ಮುಂದಿದ್ದೆ. ಆದ್ರೂ ಗೋಲು."

"ಮುಂದಿದ್ದಿದ್ದು ನಂಗೂ ಗೊತ್ತಿತ್ತು ಕಣಣ್ಣ," ಎಂದ ಕದಿರೇಶ. "ಒದೆಯೋವಾಗ್ಲೇ ಗೊತ್ತಿತ್ತು. ಹದಿನಾಕು ವರ್ಷ ಸುಳ್ಳು ಹೇಳ್ಕೊಂಡು ಬಂದೆ. ನಿನ್ನ ಮುಂದೆ ಬರೋಕೆ ನಂಗೂ ಮುಖ ಇರ್ಲಿಲ್ಲ."

ಆಮೇಲೆ ಅವನು ಚೀಲದಿಂದ ನನ್ನನ್ನು ತೆಗೆದ. ಅವನ ಬೆರಳು ಈಗ ಒರಟು, ಆಟೋದ ಗ್ರೀಸಿನ ವಾಸನೆ. ನನ್ನ ತುದಿಯನ್ನು ಒಮ್ಮೆ ಮೆಲ್ಲಗೆ ಜಗ್ಗಿ, ಜ್ಞಾನರಾಜರ ಕೈಗಿಟ್ಟ. "ಎತ್ತಿ ತೋರ್ಸಣ್ಣ. ಅವತ್ತು ನಾನು ಸರಿಯಾಗಿ ನೋಡ್ಲೇ ಇಲ್ಲ."

ಜ್ಞಾನರಾಜ್ ಎತ್ತಲು ಹೋದರು. ಭುಜ ಬಿಗಿದುಕೊಂಡು ಎರಡು ವರ್ಷವಾಗಿತ್ತು. ತೋಳು ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಒಂದು ಸಲ ಪ್ರಯತ್ನಿಸಿದರು. ಅಷ್ಟೇ.

ಕದಿರೇಶ ಅದನ್ನು ನೋಡುತ್ತಾ ನಿಂತ. ಆಮೇಲೆ ಹೇಳಿದ, "ಅವತ್ತೂ ಕೈ ಇಲ್ಲೇ ನಿಂತಿದ್ರೆ ಸಾಕಿತ್ತಲ್ಲ ಅಣ್ಣ."

ಪಿಳ್ಳಪ್ಪ ಮೊದಲು ನಕ್ಕ, ಆಮೇಲೆ ಎಲ್ಲರೂ. ಜ್ಞಾನರಾಜ್ ನಗುತ್ತಲೇ ಕಣ್ಣೊರೆಸಿಕೊಂಡದ್ದು ನನ್ನ ಮೈಯಿಂದಲೇ. ಹಂಸಕಾಕ ಕೇಳದೆಯೇ ಎರಡು ಟೀ ತಂದಿಟ್ಟ.

ಈಗ ನಾನು ಆ ಅಂಗಡಿಯಲ್ಲಿ, ಫೋಟೊದ ಕೆಳಗಿನ ಮೊಳೆಗೆ ತೂಗುತ್ತೇನೆ. ನನ್ನ ಹಳದಿಯಲ್ಲಿ ಟೀಯ ಹಬೆಯ ಕಂದು ಸೇರಿದೆ. ಭಾನುವಾರ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬೇರೆಯವರ ತೀರ್ಪುಗಳಿಗೆ ಜಗಳವಾಡುತ್ತಾರೆ. ಹೋದ ಗೋಲು ಬರಲಿಲ್ಲ. ಗೋವಾದವನು ಬರಲಿಲ್ಲ. ಕೆಲವು ಸಲ ವಾದದ ನಡುವೆ ಕದಿರೇಶ ಇದ್ದಕ್ಕಿದ್ದಂತೆ ಆ ಸ್ಟೂಲಿನತ್ತ ನೋಡುತ್ತಾನೆ. ಆಗ ಜ್ಞಾನರಾಜ್ ತಮ್ಮ ಲೋಟವನ್ನು ಅವನ ಲೋಟಕ್ಕೆ ತಾಗುವಂತೆ ಸರಿಸಿ ಇಡುತ್ತಾರೆ.

ಗೋಡೆಯ ಮೇಲಿಂದ ನಾನು ನೋಡುತ್ತೇನೆ. ಫೋಟೊದಲ್ಲಿ ನಾನು ಇನ್ನೂ ಮೇಲೇ ಇದ್ದೇನೆ, ಇಳಿದಿಲ್ಲ. ಅದರಲ್ಲಿ ಮೈದಾನದ ಆಚೆ ಬದಿ ಮಸುಕಾಗಿದೆ. ಆ ಮಸುಕಿನಲ್ಲಿ ಒಂದು ಕೆಂಪು ಚುಕ್ಕೆ ಇದೆಯೇ ಎಂದು ದಿನಾ ಹುಡುಕುತ್ತೇನೆ. ಪತ್ರಿಕೆ ಕಪ್ಪುಬಿಳುಪಿನದು ಎಂಬುದು ನನಗೆ ಗೊತ್ತು. ಆದರೂ ಹುಡುಕುತ್ತೇನೆ.