ಕೊಡದೇ ಇಟ್ಟುಕೊಂಡ ಮಾತು

ಕೊಟ್ರಬಸಮ್ಮ ನಮ್ಮ ಮನೆಗೆ ಬಂದಾಗ ನಾನು ಮಾತ್ರೆ ಬಿಟ್ಟು ನಲವತ್ತು ದಿನವಾಗಿತ್ತು. ಎದ್ದು, ಡಬ್ಬಿ ತೆಗೆದು, ನುಂಗುವುದು ಯಾತಕ್ಕೆ ಎಂಬುದಕ್ಕೆ ಉತ್ತರ ಸಿಗದೆ ಹಾಸಿಗೆಯಲ್ಲೇ ಉಳಿದುಬಿಟ್ಟಿದ್ದೆ. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಹೊಲಿಗೆ ಯಂತ್ರದ ಮೇಲೆ ಅವ್ವ ಹಳೇ ದುಪ್ಪಟಿ ಹೊದಿಸಿದ್ದಳು.

ರೋಗದ ಹೆಸರನ್ನು ದಾವಣಗೆರೆಯ ಡಾಕ್ಟರು ಎರಡು ವರ್ಷದ ಹಿಂದೆ, ತೊಂಬತ್ತೇಳರಲ್ಲಿ ಹೇಳಿದ್ದರು: ರುಮಟಾಯ್ಡ್ ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ, ಮಾತ್ರೆ ತಪ್ಪಿಸದಿದ್ದರೆ ಹತೋಟಿಯಲ್ಲಿರುತ್ತದೆ. ಆಗ ಕೊಟ್ರಬಸಮ್ಮನ ಮಗ ಅರುಣಕುಮಾರನ ಜೊತೆ ನನ್ನ ನಿಶ್ಚಿತಾರ್ಥವಾಗಿ ಮೂರು ತಿಂಗಳಾಗಿತ್ತು. ಸುದ್ದಿ ಮುಟ್ಟಿದ ವಾರದಲ್ಲೇ ಆಕೆ ನಮ್ಮ ಅಂಗಳದಲ್ಲಿ ನಿಂತು, ಒಳಗಿದ್ದ ನನಗೂ ಕೇಳಿಸುವ ಹಾಗೆ ಅಪ್ಪನಿಗೆ ಹೇಳಿದ್ದಳು: "ರೊಟ್ಟಿ ಬಡಿಯಾಕ ಬರದ ಕೈ ತಗೊಂಡು ಏನ್ ಮಾಡೂಣ್ರಿ ಏಕಾಂತಪ್ಪನೋರ?" ಅರುಣಕುಮಾರ ಬೀದಿಯಲ್ಲಿ ಸ್ಕೂಟರಿನ ಮೇಲೆಯೇ ಕೂತಿದ್ದ. ಇಳಿಯಲಿಲ್ಲ.

ಈಗ ಅದೇ ಕೊಟ್ರಬಸಮ್ಮ ಚೀಲವೊಂದನ್ನು ಹಿಡಿದು ನನ್ನ ಹಾಸಿಗೆಯ ಪಕ್ಕ ಕುಳಿತಿದ್ದಳು. ಅರುಣಕುಮಾರನಿಗೆ ಹಿರೇಹಡಗಲಿಯ ಹುಡುಗಿ ನಿಶ್ಚಯವಾಗಿದ್ದಳು, ಶೈಲಾ ಎಂದು. ಆದರೆ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಒಮ್ಮೆ ಹುಡುಗಿಯ ಅಜ್ಜ ತೀರಿಕೊಂಡಿದ್ದ, ಇನ್ನೊಮ್ಮೆ ಇವನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಬಾಗಳಿ ಕಡೆಯ ಶಾಸ್ತ್ರ ಹೇಳುವವರೊಬ್ಬರು, ಹೆಣ್ಣೊಬ್ಬಳ ಬಿಸಿಯುಸಿರು ತಟ್ಟಿದೆ, ಅವಳ ಕೈಯಿಂದ ಮದುವೆಯದೊಂದು ಕೆಲಸ ಮಾಡಿಸಿ, ಅವಳ ಬಾಯಿಂದ ಸಿಟ್ಟಿಲ್ಲ ಅನ್ನಿಸಿ ಎಂದಿದ್ದರಂತೆ. ಇದನ್ನೆಲ್ಲ ಆಕೆ ಮುಚ್ಚಿಡದೆ ಹೇಳಿದಳು. ಚೀಲದಲ್ಲಿ ಮದುವೆಯ ಕುಪ್ಪಸಕ್ಕೆ ಬಟ್ಟೆ ಇತ್ತು, ಅಳತೆಗೆ ಶೈಲಾಳ ಹಳೆಯದೊಂದು ಕುಪ್ಪಸ.

ಅಪ್ಪ ಚೀಲ ಎತ್ತಿ ಬೀದಿಗೆ ಎಸೆಯಲು ಹೋದ. ನಾನು ತಡೆದೆ. ನಲವತ್ತು ದಿನದಲ್ಲಿ ಮೊದಲ ಸಲ ನನಗೆ ಏನೋ ಒಂದು ಬೇಕೆನಿಸಿತ್ತು.

ಮದುವೆಯ ಕುಪ್ಪಸಕ್ಕೆ ಒಳಹೊಲಿಗೆಯಲ್ಲಿ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟಿರುತ್ತೇವೆ, ಮುಂದೆ ಮೈ ತುಂಬಿದಾಗ ಬಿಚ್ಚಿ ಸಡಿಲ ಮಾಡಲು. ಏನೂ ಬಿಡದೆ, ಅಳತೆಗಿಂತ ತುಸು ಬಿಗಿಯಾಗಿ ಹೊಲಿದರೆ, ಹಾರ ಹಾಕಲು ಕೈ ಎತ್ತಿದಾಗ ಕಂಕುಳು ಬಿರಿಯುತ್ತದೆ. ತುಂಬಿದ ಮಂಟಪದಲ್ಲಿ ಕೊಟ್ರಬಸಮ್ಮನ ಸೊಸೆ ಸೆರಗು ಎಳೆದುಕೊಳ್ಳುತ್ತಾ ನಿಂತಿರುವುದನ್ನು ಕಲ್ಪಿಸಿಕೊಂಡು ನಾನು ಎದ್ದು ಕುಳಿತೆ.

ಆದರೆ ಬೆರಳುಗಳು ಕತ್ತರಿ ಹಿಡಿಯಲಿಲ್ಲ. ಆ ಭಾನುವಾರ, ವಾರಕ್ಕೊಮ್ಮೆ ನುಂಗಬೇಕಾದ ಆ ಮಾತ್ರೆಯನ್ನು ಮತ್ತೆ ನುಂಗಿದೆ. ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದೆ. ಹತ್ತು ಗಂಟೆಯ ತನಕ ಮುಷ್ಟಿ ಕೂಡುತ್ತಿರಲಿಲ್ಲ. ಊಟ ಸೇರತೊಡಗಿತು. ನಾನು ಗೆಲುವಾದೆನೆಂದು ಅವ್ವ ಅಕ್ಕಪಕ್ಕದವರಿಗೆ ಹೇಳಿಕೊಂಡಳು. ಕೆಲವು ದಿನ ಆ ಸಿಟ್ಟೂ ಸಾಲದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದುಂಟು. ಆಗ ಸ್ಕೂಟರಿನಿಂದ ಇಳಿಯದೆ ಕೂತಿದ್ದ ಆ ಮುಖವನ್ನು ನೆನಪಿಗೆ ತಂದುಕೊಳ್ಳುತ್ತಿದ್ದೆ.

ಏಳನೆಯ ವಾರ ಕತ್ತರಿ ಕೈಗೆ ಬಂತು. ಗುರುತು ಹಾಕುವ ಮೊದಲು ಶೈಲಾಳ ಹಳೇ ಕುಪ್ಪಸವನ್ನು ತಿರುವಿ ನೋಡಿದೆ. ಯಾರೋ ಒಳಗೆ ಬಟ್ಟೆ ಬಿಡದೆಯೇ ಹೊಲಿದಿದ್ದರು. ಕಂಕುಳಲ್ಲಿ ಬಿರಿದು ಎರಡು ಸಲ ತೇಪೆ ಬಿದ್ದಿತ್ತು. ನನಗೆ ಕರುಣೆಯೇನೂ ಬರಲಿಲ್ಲ. ಬಿರಿದರೆ ಒಂದು ದಿನ ನಗುತ್ತಾರೆ, ತೇಪೆ ಹಾಕುತ್ತಾರೆ, ಮರೆಯುತ್ತಾರೆ ಎಂದಷ್ಟೇ ತಿಳಿಯಿತು. ಒಂದು ದಿನ ನನಗೆ ಸಾಲದು. ಮೂರು ಬೆರಳು ಬಟ್ಟೆ ಬಿಟ್ಟು ಕತ್ತರಿಸಿದೆ. ಆ ಕುಪ್ಪಸ ಆ ಮನೆಯ ಕಪಾಟಿನಲ್ಲಿ ಇಪ್ಪತ್ತು ವರ್ಷ ಇರಬೇಕು, ಬಿಚ್ಚಿದಾಗಲೆಲ್ಲ ಈ ಕೈಯ ಹೊಲಿಗೆ ಅವರ ಕಣ್ಣಿಗೆ ಬೀಳಬೇಕು.

ಕೊಟ್ರಬಸಮ್ಮ ಬಂದವಳು ಕುಪ್ಪಸವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇಂಥ ಹೊಲಿಗೆ ದಾವಣಗೆರೆಯಲ್ಲೂ ಸಿಗುವುದಿಲ್ಲ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಒಂದು ಮಾತು ಅಂದುಬಿಡವ್ವ ಗಂಗಾ. ನನ್ ಮ್ಯಾಲ ಸಿಟ್ಟಿಲ್ಲ, ಹೌದಿಲ್ಲೋ?"

"ಐತ್ರಿ."

ಆಕೆಯ ಕೈ ನಿಂತಿತು. "ಮತ್ತ ಇಷ್ಟು ಚಂದ ಹೊಲದೀಯಲ್ಲ?"

"ಈ ಕೈಗೆ ಏನು ಬರ್ತೈತಿ ಅಂತ ತೋರಸಾಕ ಹೊಲದೆ. ಸಿಟ್ಟು ಹಂಗ ಐತ್ರಿ."

"ಕಾಲಿಗೆ ಬೀಳಲೇನ?"

"ಬ್ಯಾಡ್ರಿ. ಬಗ್ಗಿದ್ರ ಮೊಣಕಾಲು ನೋಯ್ತಾವ. ಆ ನೋವು ನನಗ ಗೊತ್ತೈತಿ."

ಮದುವೆ ಸಾಂಗವಾಗಿ ನಡೆಯಿತು. ಏನೂ ಕೆಡಲಿಲ್ಲ. ಆದರೂ ಆ ಮನೆಯಲ್ಲಿ ಹಾಲು ಒಡೆದರೆ, ಮೊಮ್ಮಗನಿಗೆ ಜ್ವರ ಬಂದರೆ, ಕೊಟ್ರಬಸಮ್ಮ ಯಾವುದೋ ಬಟ್ಟೆಯ ನೆಪ ಮಾಡಿಕೊಂಡು ಬರುತ್ತಾಳೆ. ಹೊಲಿದುಕೊಡುತ್ತೇನೆ. ಹೊರಡುವಾಗ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತಾಳೆ, ಅದೇ ಉತ್ತರ ತೆಗೆದುಕೊಂಡು ಹೋಗುತ್ತಾಳೆ.

ಈಗಲೂ ಕೆಲವು ಬೆಳಗು ಗೋಡೆಯ ಕಡೆಗೇ ಮುಖ ತಿರುಗಿರುತ್ತದೆ. ಆದರೆ ನಾನಿಲ್ಲವಾದರೆ ಆಕೆ ಕೇಳುವುದು ತಪ್ಪುತ್ತದೆ, ನಿಶ್ಚಿಂತೆಯಿಂದ ಮಲಗುತ್ತಾಳೆ. ಆ ನಿದ್ದೆಯನ್ನು ಆಕೆಗೆ ಕೊಡುವ ಮನಸ್ಸು ನನಗಿಲ್ಲ. ಇವತ್ತು ಭಾನುವಾರ. ನೀರು ಕಾಯಲಿಟ್ಟು ಮಾತ್ರೆಯ ಡಬ್ಬಿ ತೆಗೆದೆ.