ಮಾಯಕ್ಕನ ಎಡಗಾಲು

ಮಾಯಕ್ಕ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲು ತಾಕಿಸಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಖಾನಾಪುರದ ಕಡೆಯ ನಂಬಿಕೆ. ಹಾಗೆ ಹುಟ್ಟಿದ ಉಳಿದವರು ಮೂರು ಸಲ ಮೆಲ್ಲಗೆ ತಾಕಿಸಿ ಕಳಿಸುತ್ತಾರೆ. ನಮ್ಮ ಮಾಯಕ್ಕನಿಗೆ ಅಷ್ಟಕ್ಕೆಲ್ಲಿ ಸಮಾಧಾನ? ಬಂದವರನ್ನು ಕಂಬಳಿಯ ಮೇಲೆ ಬೋರಲು ಮಲಗಿಸಿ, ಗೋಡೆ ಹಿಡಿದು ನಿಂತು, ಎಡಗಾಲಿನ ಹಿಮ್ಮಡದಿಂದ ಒಂದು ಬಿಗಿಯುತ್ತಿದ್ದಳು. ಬೆನ್ನು ಕಟಕ್ ಎನ್ನಲೇಬೇಕು, ಅನ್ನದಿದ್ದರೆ ಇನ್ನೊಂದು. ಅರ್ಧ ಜನ ಗುಣವಾಗಿ ಏಳುತ್ತಿದ್ದರು, ಇನ್ನರ್ಧ ಜನ ಮುಂದಿನ ಏಟಿಗೆ ಹೆದರಿ ಗುಣವಾಯಿತೆಂದು ಎದ್ದು ಓಡುತ್ತಿದ್ದರು. ಹೇಗಾದರೂ ಆಗಲಿ, ಹೆಸರಂತೂ ಆಗಿತ್ತು.

ಎರಡು ಸಾವಿರದ ಇಸವಿಯ ಒಂದು ಮುಂಜಾನೆ ಅಂಥ ಮಾಯಕ್ಕನ ಸೊಂಟವೇ ಹಿಡಿಯಿತು. ಅದೂ ಎಂಥ ಹೊತ್ತಿನಲ್ಲಿ! ಮಗಳು ತ್ರಿವೇಣಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹಡೆದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕಲು ಇನ್ನು ಐದೇ ದಿನ ಉಳಿದಿತ್ತು. ಆ ದಿನ ತಾಯಿಯ ತಾಯಿ ಬಗ್ಗಿ ತೊಟ್ಟಿಲ ಕೆಳಗಿನಿಂದ ಕೂಸನ್ನು ದಾಟಿಸಬೇಕು, ಆಚೆ ಬದಿಯಲ್ಲಿ ತಂದೆಯ ತಾಯಿ ಬಗ್ಗಿ ತೆಗೆದುಕೊಂಡು ಮೇಲಿನಿಂದ ತಿರುಗಿ ಕೊಡಬೇಕು. ಮಾಯಕ್ಕನಿಗೋ ಬಿದ್ದ ಚಮಚ ಎತ್ತಲೂ ಬಗ್ಗಲಾಗುತ್ತಿರಲಿಲ್ಲ. ನೀವು ಕುಳಿತಿರಿ, ನಾನು ದಾಟಿಸುತ್ತೇನೆ ಎಂದು ನಾದಿನಿ ರೇಣವ್ವ ಆಗಲೇ ಹೊಸ ಸೀರೆ ತೆಗೆದಿಟ್ಟಿದ್ದಳು. ಮೊದಲ ಮೊಮ್ಮಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು ಮೂಲೆಯಲ್ಲಿ ಕೂರುವುದನ್ನು ನೆನೆದರೇ ಮಾಯಕ್ಕನಿಗೆ ಅಳು ಬರುತ್ತಿತ್ತು.

ತನ್ನ ಬೆನ್ನಿಗೆ ತಾನೇ ಒದೆಯಲು ಯಾರಿಗೆ ಬರುತ್ತದೆ? ನಂದಗಡದಲ್ಲಿ ಕಾಲು ಮುಂದಾಗಿ ಹುಟ್ಟಿದವನೊಬ್ಬನಿದ್ದಾನೆ, ಕರೆಸಲೇ ಎಂದು ಗಂಡ ಬೀರಣ್ಣ ಕೇಳಿದ. ಮಾಯಕ್ಕನ ಮುಖ ಬಿಳಿಚಿತು. ಮೂವತ್ತು ವರ್ಷ ಊರಿನ ಬೆನ್ನಿಗೆಲ್ಲ ಒದ್ದವಳು ಒಂದು ದಿನವೂ ಒದೆಸಿಕೊಂಡವಳಲ್ಲ. ಕೊನೆಗೆ ಬೀರಣ್ಣನೇ ಎಲ್ಲೋ ಕೇಳಿಕೊಂಡು ಬಂದ. ಬೆಳಗಾವಿಯ ಸದಾಶಿವನಗರದಲ್ಲಿ ಶುಭದಾ ಎಂಬ ಡಾಕ್ಟರಬಾಯಿ ಪರದೇಶದಲ್ಲಿ ಕಲಿತು ಬಂದಿದ್ದಾಳಂತೆ. ತಿರುವುವುದಿಲ್ಲ, ಲಟಿಕೆ ತೆಗೆಯುವುದಿಲ್ಲ, ಸಣ್ಣದೊಂದು ಸಾಧನದಿಂದಲೇ ಬೆನ್ನು ಸಡಿಲಿಸುತ್ತಾಳಂತೆ. ಮಾಯಕ್ಕನೇ ಡಾಕ್ಟರ ಹತ್ತಿರ ಹೋದಳೆಂದರೆ ನಾಳೆ ಅವಳ ಕಾಲಿಗೆ ಯಾರು ಬೆಲೆ ಕೊಡುತ್ತಾರೆ? ಕೂಸಿನ ತಲೆಗೆ ಕುಂಚಿಗೆ ತರಲು ಹೊರಟಿದ್ದೇವೆಂದು ಓಣಿಗೆಲ್ಲ ಸುಳ್ಳು ಹೇಳಿ ಇಬ್ಬರೂ ಬಸ್ಸು ಹತ್ತಿದರು.

ಶುಭದಾ ಕೂರಿಸಿ ಎಲ್ಲ ಕೇಳಿದಳು, ಕಾಲು ಎತ್ತಿಸಿದಳು, ಎಕ್ಸ್‌ರೇ ತೆಗೆಸಿ ನೋಡಿದಳು. ಎಲುಬಿಗೇನೂ ಆಗಿಲ್ಲ, ಕೀಲು ಬಿಗಿದಿದೆ ಎಂದಳು. ಬೋರಲು ಮಲಗಿಸಿದಾಗ ಮಾಯಕ್ಕ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮನೆದೇವರನ್ನು ನೆನೆದಳು. ಡಾಕ್ಟರ ಕೈಯಲ್ಲಿದ್ದುದು ಸ್ಪ್ರಿಂಗಿನ ಒಂದು ಗೇಣುದ್ದದ ಸಾಧನ, ತುದಿಗೆ ಸಣ್ಣ ರಬ್ಬರು. ಸೊಂಟದ ಮೇಲಿಟ್ಟು ಒತ್ತಿದಳು. ಟಿಕ್. ಇನ್ನಷ್ಟು ಮೇಲೆ, ಟಿಕ್. ಹತ್ತು ನಿಮಿಷ ಹೀಗೇ ಮಾಡಿ, ಏಳಿ ಎಂದಳು.

ಮಾಯಕ್ಕ ಏಳಲಿಲ್ಲ. "ಕಟಕ್ ಅನ್ನಲೇ ಇಲ್ಲಲ್ರೀ ಬಾಯಾರ. ಇನ್ನೂ ಸುರು ಮಾಡಿಲ್ಲೇನು?"

"ಮುಗೀತ್ರೀ ಅವ್ವಾರ," ಎಂದು ಶುಭದಾ ನಕ್ಕಳು. "ಸಪ್ಪಳ ಆದ್ರನ ಗುಣ ಅಂತ ಏನಿಲ್ರೀ."

ಎಲ್ಲರ ಬೆನ್ನಿಗೂ ಇದೇ ಒಗ್ಗುತ್ತದೆಂದಲ್ಲ, ಭಾರ ಎತ್ತಬೇಡಿ, ನಾಡಿದ್ದು ಇನ್ನೊಮ್ಮೆ ಬನ್ನಿ ಎಂದು ತಿಳಿಸಿ ಹೇಳಿ ಕಳಿಸಿದಳು.

ಬಸ್ಸಿನಲ್ಲಿ ಮಾಯಕ್ಕ ಗಂಡನ ತಲೆ ತಿಂದಳು. ಇದೂ ಒಂದು ಔಷಧವೇ, ಬಾಲ್‌ಪೆನ್ನು ಒತ್ತಿದ ಹಾಗೆ ಟಿಕ್ ಟಿಕ್, ಆ ಹುಡುಗಿ ನಮ್ಮನ್ನು ಮಂಗ ಮಾಡಿದಳು ಎಂದು ದಾರಿಯುದ್ದಕ್ಕೂ ಬೈದಳು. ಖಾನಾಪುರದಲ್ಲಿ ಇಳಿಯುವಾಗ ಕುಂಚಿಗೆಯ ಪೊಟ್ಟಣ ಕೆಳಗೆ ಬಿತ್ತು. ಬಗ್ಗಿ ಎತ್ತಿ, ಧೂಳು ಝಾಡಿಸಿ, ಮತ್ತೆ ಬೈಗುಳ ಮುಂದುವರಿಸಿದಳು.

"ಈಗ ಏನ್ ಮಾಡಿದಿ ನೀ?" ಎಂದ ಬೀರಣ್ಣ.

ಮಾಯಕ್ಕ ಪೊಟ್ಟಣ ನೋಡಿದಳು, ನೆಲ ನೋಡಿದಳು. ನೋವು ಪೂರಾ ಹೋಗಿರಲಿಲ್ಲ, ಆದರೆ ಬಗ್ಗಿದ್ದಂತೂ ಖರೇ. ಕುಂಚಿಗೆ ಸಣ್ಣದಾಯಿತೆಂಬ ನೆಪ ಹೇಳಿ ಎರಡು ದಿನದ ಮೇಲೆ ತಾನೇ ಮುಂದಾಗಿ ಸದಾಶಿವನಗರಕ್ಕೆ ಹೊರಟಳು.

ತೊಟ್ಟಿಲ ದಿನ ಮಾಯಕ್ಕ ಸೆರಗು ಸಿಕ್ಕಿಸಿ ಬಗ್ಗಿದಳು, ಕೂಸನ್ನು ಕೆಳಗಿನಿಂದ ದಾಟಿಸಿದಳು. ಸಂತೋಷಕ್ಕೆ ಕಣ್ಣು ಒದ್ದೆಯಾಯಿತು. ಆಚೆ ಬದಿಯಲ್ಲಿ ಹಿಂಡಲಗಾದಿಂದ ಬಂದ ಬೀಗಿತಿ ಶಿವಲಿಂಗವ್ವ ಕೂಸನ್ನು ತೆಗೆದುಕೊಂಡು ಏಳಲು ಹೋದಳು, ಅಯ್ಯ ಯವ್ವಾ ಎಂದು ಅರ್ಧಕ್ಕೇ ನಿಂತುಬಿಟ್ಟಳು. ರೇಣವ್ವ ಓಡಿ ಬಂದು ಕೂಸನ್ನು ಹಿಡಿದುಕೊಂಡಳು. ಯಾರೋ ಕಂಬಳಿ ಹಾಸಿದರು. ಮಾಯಕ್ಕನ ಮನೆಯಲ್ಲಿ ಸೊಂಟ ಹಿಡಿದರೆ ಚಿಂತೆ ಯಾತರದು? ಬೀಗಿತಿ ಬೀಗಿತಿಗೆ ಒದೆಯುವುದನ್ನು ನೋಡಲು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು.

ಮಾಯಕ್ಕ ಗೋಡೆ ಹಿಡಿದು ಎಡಗಾಲು ಎತ್ತಿದಳು. ಕೆಳಗೆ ಶಿವಲಿಂಗವ್ವ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮನೆದೇವರನ್ನು ನೆನೆಯುತ್ತಿದ್ದಳು. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಆಮೇಲೆ ಹೆಬ್ಬೆರಳನ್ನು ಮೂರು ಸಲ ಮೆಲ್ಲಗೆ ತಾಕಿಸಿ ಮಾಯಕ್ಕ ಹಿಂದೆ ಸರಿದಳು. ಇಷ್ಟೇನಾ ಎಂದು ಎಲ್ಲರೂ ಅವಳ ಮುಖ ನೋಡಿದರು.

"ಹಂಗ ಮಕ್ಕೋರಿ ಬೀಗತಿ," ಎಂದಳು ಮಾಯಕ್ಕ. "ನಾಳೆ ಸದಾಶಿವನಗರಕ್ಕ ಹೋಗೂಣು. ಅಲ್ಲೊಬ್ಬಾಕಿ ಡಾಕ್ಟರಬಾಯಿ ಅದಾಳ. ನಾನೂ ಎರಡ ಸಲ ಹೋಗಿ ಬಂದೀನಿ."

ಮೂವತ್ತು ವರ್ಷದ ಹೆಸರು ತೊಟ್ಟಿಲ ಮುಂದೆ ಮಣ್ಣಾಯಿತೆಂದು ಬೀರಣ್ಣ ತಲೆ ತಗ್ಗಿಸಿದ. ಶಿವಲಿಂಗವ್ವ ಒಂದು ಕಣ್ಣು ತೆರೆದಳು.

"ಆಕಿ ಒದಿಯೂದಿಲ್ಲೇನ್ರೀ?"

"ಇಲ್ಲ."

"ಹಂಗಾರ ನಾನೂ ಬರತೀನಿ ವೈನಿ," ಎಂದು ಕೂಸನ್ನು ತೂಗುತ್ತ ರೇಣವ್ವ ಹಿಂದಿನಿಂದ ಹೇಳಿದಳು. ಅವಳ ಬೆನ್ನಿಗೆ ಮಾಯಕ್ಕ ನಾಲ್ಕು ಸಲ ಒದ್ದಿದ್ದಳು. ನಾಲ್ಕೂ ಸಲ ರೇಣವ್ವ ಗುಣವಾಯಿತೆಂದು ಎದ್ದು ಓಡಿದ್ದಳು.